ಅಡ್ವಾನ್ಸ್ ವಾಪಸ್ ಕೊಡದ ಮನೆ ಮಾಲೀಕರ ಮೇಲೆ ಕೇಸ್ ಹಾಕಬೇಕಾ?

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಐದು ತಿಂಗಳಾಯಿತು, ಕೊಟ್ಟಿದ್ದ ಒಂದೂವರೆ ಲಕ್ಷ ಅಡ್ವಾನ್ಸಿನಲ್ಲಿ 70 ಸಾವಿರವನ್ನು ಮಾಲೀಕರು ಪೇಂಟಿಂಗು, ರಿಪೇರಿ ಅಂತ ಹಿಡಿದುಕೊಂಡಿದ್ದಾರೆ, ಕೇಸ್ ಹಾಕೋದಾ ಬಿಟ್ಟುಬಿಡೋದಾ ಅಂತ ಕೇಳಿದ್ದೀರಿ.

ಬಿಟ್ಟುಬಿಡಬೇಡಿ. ಹಾಗಂತ ನಾಳೆಯೇ ಕೋರ್ಟಿಗೂ ಓಡಬೇಡಿ. ನಾನು ವಕೀಲನಲ್ಲ, ಆದರೆ ಇದೇ ಸಂಕಟ ಅನುಭವಿಸಿದ್ದೇನೆ. ಹೊಟ್ಟೆ ಉರಿಯುವುದು ಬರೀ ದುಡ್ಡಿಗಲ್ಲ ಅಂತಲೂ ಗೊತ್ತು. ನಾನೂ ನಾಲ್ಕು ವರ್ಷ ಅಂಕಲ್, ಆಂಟಿ ಅಂತ ಕರೆದು, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತಗೊಂಡಿದ್ದ ಮನೆಯವರು ಅವರು.

ನನ್ನದು 12 ಸಾವಿರ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ಮನೆ ಬಿಟ್ಟಾಗ ನೋಟ್‌ಬುಕ್ ಹಾಳೆಯಲ್ಲಿ ಲೆಕ್ಕ ಬರೆದುಕೊಟ್ಟರು. ಪೇಂಟಿಂಗ್ 35,000, ಅಡುಗೆಮನೆ ಟೈಲ್ಸ್ 11,000, ನಲ್ಲಿ 4,000, ಕೀ ತಡವಾಗಿ ಕೊಟ್ಟಿದ್ದಕ್ಕೆ ಒಂದು ತಿಂಗಳ ಬಾಡಿಗೆ 12,000. ಒಟ್ಟು 62,000 ಹೋಯಿತು. ಸಿಟ್ಟಿನಲ್ಲಿ ಸ್ಟೇಷನ್ನಿಗೆ ಹೋದೆ. ‘ಇದು ಸಿವಿಲ್ ಮ್ಯಾಟರ್, ಕೋರ್ಟಲ್ಲಿ ನೋಡ್ಕೊಳ್ಳಿ’ ಅಂದರು. ಆಮೇಲೆ ಸ್ನೇಹಿತನೊಬ್ಬ ವಕೀಲರೊಬ್ಬರ ಹತ್ತಿರ ಕರೆದುಕೊಂಡು ಹೋದ. ನನ್ನ ಗೋಳು ಎರಡು ನಿಮಿಷ ಕೇಳಿದ ಮೇಡಂ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. ‘ತಾರೀಖು ಬರೀರಿ. ಅಡ್ವಾನ್ಸ್ ಕೊಟ್ಟಿದ್ದು, ಮನೆ ಬಿಡ್ತೀನಿ ಅಂತ ಹೇಳಿದ್ದು, ಕೀ ಕೊಟ್ಟಿದ್ದು. ಒಂದೊಂದರ ಪಕ್ಕ ಏನು ಪುರಾವೆ ಇದೆ ಅಂತ ಬರೀರಿ.’

ಬರೆಯಲು ಕೂತಾಗಲೇ ನನ್ನ ಕೇಸ್ ಎಷ್ಟು ಗಟ್ಟಿ ಅಂತ ಮೊದಲ ಸಲ ಗೊತ್ತಾಗಿದ್ದು. ಅಡ್ವಾನ್ಸ್ ಬ್ಯಾಂಕಿನಿಂದ ಹೋಗಿತ್ತು, ಚಿಂತೆ ಇರಲಿಲ್ಲ. ಕೀ ಕೊಟ್ಟಿದ್ದಕ್ಕೆ ಬರಹ ಏನೂ ಇರಲಿಲ್ಲ. ಹಳೆಯ ವಾಟ್ಸಾಪ್ ಕೆದಕಿದೆ. ‘ಅಂಕಲ್, ಕೀ ಆಂಟಿ ಹತ್ರ ಕೊಟ್ಟಿದೀನಿ’ ಅಂತ ಅದೇ ದಿನ ಕಳಿಸಿದ್ದ ಮೆಸೇಜ್ ಸಿಕ್ಕಿತು, ಅದಕ್ಕೆ ಅವರು ಹೆಬ್ಬೆರಳಿನ ಇಮೋಜಿ ಒತ್ತಿದ್ದರು. ಟೈಲ್ಸ್ ವಿಷಯದಲ್ಲಿ ನನ್ನ ಹೆಂಡತಿ ಕಾಪಾಡಿದಳು. ಆ ಮನೆಗೆ ಹೋದ ದಿನ ಹಾಲು ಉಕ್ಕಿಸಿದ ಫೋಟೋ ಅವಳ ಫೋನಿನಲ್ಲಿತ್ತು. ಪಾತ್ರೆಯ ಹಿಂದೆ, ಗೋಡೆಯ ಟೈಲ್ಸಿನಲ್ಲಿ ಉದ್ದಕ್ಕೆ ಬಿರುಕು ಕಾಣುತ್ತಿತ್ತು. ನಾವು ಕಾಲಿಡುವ ಮೊದಲೇ ಅದು ಒಡೆದಿತ್ತು. ನಲ್ಲಿ ಮಾತ್ರ ನಿಜವಾಗಿಯೂ ನಮ್ಮ ಕೈಯಲ್ಲೇ ಮುರಿದಿದ್ದು.

ಪೇಂಟಿಂಗ್ ಬಗ್ಗೆ ಅಗ್ರಿಮೆಂಟ್ ತೆಗೆದು ಓದಿ. ನಮ್ಮದರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯಬಹುದು ಅಂತ ಇತ್ತು. ಅಂದರೆ 12,000 ಸರಿ, 35,000 ತಪ್ಪು. ಅಗ್ರಿಮೆಂಟಿನಲ್ಲಿ ಏನೂ ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ನಿಮ್ಮ ಪರ ಇದೆ. ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ವಾಪಸ್ ಕೊಡಬೇಕು ನಿಜ, ಆದರೆ ವಾಸ ಮಾಡುತ್ತಾ ಸಹಜವಾಗಿ ಆಗುವ ಸವೆತ ಬಾಡಿಗೆದಾರರ ತಲೆಗೆ ಬರುವುದಿಲ್ಲ. ಗೋಡೆಯ ಬಣ್ಣ ಮಾಸುವುದು ಸವೆತ. ಬಾಗಿಲು ಮುರಿದರೆ ಅದು ಹಾನಿ.

ಹೀಗೆ ನಲ್ಲಿಯ 4,000, ಪೇಂಟಿಂಗಿನ 12,000 ಕಳೆದು ನೋಡಿದರೆ ನನಗೆ ನ್ಯಾಯವಾಗಿ ಬರಬೇಕಾಗಿದ್ದು 46,000. 62,000 ಅಲ್ಲ. ಈ ಲೆಕ್ಕ ಮಾಡದೆ ಹೋಗಿದ್ದರೆ ನಲ್ಲಿಯ ವಿಷಯಕ್ಕೂ ಜಗಳ ಆಡಿ, ಉಳಿದ ಮಾತಿನ ತೂಕವನ್ನೂ ಕಳೆದುಕೊಳ್ಳುತ್ತಿದ್ದೆ.

ಆಮೇಲೆ ನೋಟಿಸ್. ಲಾಯರ್ ನೋಟಿಸ್ ಅಂದರೆ ಕೇಸ್ ಅಲ್ಲ, ಇದನ್ನು ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. ಇಷ್ಟು ಕೊಡಬೇಕು, ಇಂಥ ಕಾರಣಕ್ಕೆ, ಇಷ್ಟು ದಿನದೊಳಗೆ ಅಂತ ಬರೆದು ಅಂಚೆಯಲ್ಲಿ ಸ್ವೀಕೃತಿ ಸಿಗುವ ಹಾಗೆ ಕಳಿಸುವುದು, ಅಷ್ಟೇ. ನನಗೆ 3,000 ಖರ್ಚಾಯಿತು. ಹಾಲಿನ ಫೋಟೋದ ಪ್ರಿಂಟ್ ಕೂಡ ಜೊತೆಗಿಟ್ಟೆವು. ಎರಡು ವಾರದಲ್ಲಿ ಅವರ ಮಗ ಫೋನ್ ಮಾಡಿದರು. ಮಾತಾಡಿ 42,000ಕ್ಕೆ ಮುಗಿಸಿಕೊಂಡೆ. ನಾಲ್ಕು ಸಾವಿರ ಯಾಕೆ ಬಿಟ್ಟೆ ಅಂದರೆ, ಅದಕ್ಕಾಗಿ ದಾವೆ ಹೂಡಿದರೆ ಕೋರ್ಟ್ ಫೀ, ವಕೀಲರ ಫೀ, ಪ್ರತಿ ವಾಯಿದೆಗೂ ರಜೆ ಎಲ್ಲ ಸೇರಿ ಅದಕ್ಕಿಂತ ಎಷ್ಟೋ ಪಟ್ಟು ಹೋಗುತ್ತಿತ್ತು. ಅವರು ಒಂದು ರೂಪಾಯಿಯೂ ಕೊಡದಿದ್ದರೆ ದಾವೆ ಹೂಡುತ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ನಿಮ್ಮದು 70 ಸಾವಿರ. ಮೊದಲು ಅದರಲ್ಲಿ ನಿಜವಾಗಿ ನಿಮ್ಮದೆಷ್ಟು ಅಂತ ನೋಡಿ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷ ಕಾಲಮಿತಿ ಇದೆ, ಹಾಗಾಗಿ ಗಾಬರಿ ಬೇಡ. ಆದರೆ ‘ಮುಂದಿನ ತಿಂಗಳು ಕೊಡ್ತೀನಿ’ ಅನ್ನುವ ಮಾತು ನಂಬಿ ಸುಮ್ನೆ ಕೂರಬೇಡಿ, ಬಾಯಿಮಾತಿಗೆ ಆ ಗಡುವು ಮುಂದಕ್ಕೆ ಹೋಗುವುದಿಲ್ಲ. ಅವರು ಚೆಕ್ ಕೊಟ್ಟು ಅದು ಬೌನ್ಸ್ ಆಗಿದ್ದರೆ ಮಾತ್ರ ಆತುರ ಬೇಕು. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು, ಅದು ತಲುಪಿ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು.

ನೋಟಿಸಿಗೂ ಬಗ್ಗದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಅರ್ಜಿ ಕೊಡಬಹುದು. ಇಬ್ಬರೂ ಒಪ್ಪಿದರೆ ಆ ಆದೇಶಕ್ಕೆ ಡಿಕ್ರಿ, ಅಂದರೆ ಕೋರ್ಟ್ ತೀರ್ಪಿನಷ್ಟೇ ಬಲ, ಅದರ ಮೇಲೆ ಅಪೀಲೂ ಇಲ್ಲ. ನೀವು ಮಹಿಳೆಯಾಗಿದ್ದರೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕು ನಿಮಗಿದೆ.

ವಾಟ್ಸಾಪ್ ಚಾಟ್ ಯಾವ ಕಾರಣಕ್ಕೂ ಡಿಲೀಟ್ ಮಾಡಬೇಡಿ, ಫೋನ್ ಬದಲಿಸುವುದಿದ್ದರೂ ಹಳೆಯದನ್ನು ಇಟ್ಟುಕೊಳ್ಳಿ. ಕೀ ಯಾವತ್ತು, ಯಾರ ಕೈಗೆ ಕೊಟ್ಟಿರಿ? ಪೇಂಟಿಂಗ್ ಬಗ್ಗೆ ಅಗ್ರಿಮೆಂಟಿನಲ್ಲಿ ಏನು ಬರೆದಿದೆ? ಇವೆರಡನ್ನು ನೋಡಿ ಹೇಳಿ, ಲೆಕ್ಕ ಹಾಕಲು ನಾನೂ ಕೂರುತ್ತೇನೆ.