ಸಿಲಿಂಡರ್‌ನಲ್ಲಿ ಗ್ಯಾಸ್ ಎಷ್ಟು ಉಳಿದಿದೆ?

ಪ್ರಶ್ನೆ: ಅಕ್ಕಾ, ಹೋದ ವಾರ ಅರ್ಧ ರೊಟ್ಟಿ ಬಡಿದಾಗಲೇ ಗ್ಯಾಸ್ ಮುಗಿಯಿತು. ಎಷ್ಟು ಉಳಿದಿದೆ ಅಂತ ಮೊದಲೇ ತಿಳಿಯುವುದು ಹೇಗೆ?
– ಓದುಗರು, ಗದಗ

ಉತ್ತರ: ತಂಗಿ, ಹೆಂಚು ಕಾದಿರುವಾಗ ಒಲೆ ಆರಿದರೆ ಎಷ್ಟು ಸಂಕಟ ಅಂತ ನನಗೂ ಗೊತ್ತು. ಧಾರವಾಡದ ನಮ್ಮ ಮನೆಯಲ್ಲಿ ಒಮ್ಮೆ ಹಬ್ಬದ ದಿನವೇ ಹೀಗಾಯಿತು. ಹೋಳಿಗೆ ಅರ್ಧಕ್ಕೇ ನಿಂತಿತು.

ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿಂದ ಕೆಳಗೆ ಒಂದೇ ಸಮ ಒರೆಸಿ, ಸ್ವಲ್ಪ ಹೊತ್ತು ನೋಡುತ್ತಿರಿ. ಖಾಲಿ ಭಾಗ ಬೇಗ ಒಣಗುತ್ತದೆ. ಒಳಗೆ ದ್ರವ ಇರುವಷ್ಟು ಎತ್ತರದವರೆಗೆ ತೇವ ಉಳಿಯುತ್ತದೆ, ಯಾಕೆಂದರೆ ಅಲ್ಲಿ ಲೋಹ ತಂಪಾಗಿಯೇ ಇರುತ್ತದೆ. ಆ ಗೆರೆಗೆ ಸೀಮೆಸುಣ್ಣ ಹಚ್ಚಿ. ಮಳೆಗಾಲದಲ್ಲಿ ಗೆರೆ ಸರಿಯಾಗಿ ಕಾಣುವುದಿಲ್ಲ.

ನನಗೆ ಹೆಚ್ಚು ನಂಬಿಕೆ ತೂಕದ ಮೇಲೆ. ಮನೆಬಳಕೆಯ ಸಿಲಿಂಡರ್‌ನಲ್ಲಿ ಗ್ಯಾಸ್ 14.2 ಕಿಲೋ. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೇ ಬರೆದಿರುತ್ತದೆ. ಅದು 15.3 ಇದ್ದು ಕಾಟಾ 18.3 ತೋರಿಸಿದರೆ ಉಳಿದದ್ದು 3 ಕಿಲೋ. ನಮ್ಮ ನಾಲ್ವರಿಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಬೇಕು, ಅಂದರೆ ಆರು ದಿನ. ಆಗಲೇ ಬುಕ್ ಮಾಡಿಬಿಡುತ್ತೇನೆ. ತೂಗುವ ಮೊದಲು ರೆಗ್ಯುಲೇಟರ್ ಮುಚ್ಚಿ ತೆಗೆಯಿರಿ, ಅಲ್ವಾ?

ಒಂದು ಮಾತು ಕೈಮುಗಿದು ಹೇಳುತ್ತೇನೆ. ಗ್ಯಾಸ್ ಮುಗಿಯುತ್ತಾ ಬಂತು ಅಂತ ಸಿಲಿಂಡರ್ ಅಡ್ಡ ಮಲಗಿಸಿ ಉರಿಸಬೇಡಿ. ದ್ರವವೇ ಪೈಪಿಗೆ ನುಗ್ಗಿ ಉರಿ ದೊಡ್ಡದಾಗಿ ಏಳಬಹುದು.