‘ನಿರ್ಲಕ್ಷಿಸಲಾಯಿತು’ ಸರಿ, ನಿರ್ಲಕ್ಷಿಸಿದವರು ಯಾರು?

ನಮಸ್ಕಾರ.

‘ವಿಶಾಖಪಟ್ಟಣಕ್ಕೆ ಕೊಟ್ಟರು, ಭದ್ರಾವತಿಗೆ ಯಾಕಿಲ್ಲ?’ ಅನ್ನುವ ನಿಮ್ಮ ಲೇಖನ ಓದಿದೆ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಉಳಿಸಲು ಹಣ ಕೊಟ್ಟ ಕೇಂದ್ರ ಸರ್ಕಾರ ನಮ್ಮ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಕೈಬಿಟ್ಟಿತು ಅನ್ನುವುದು ನಿಮ್ಮ ದೂರು. ವಿಷಯ ಒಳ್ಳೆಯದು, ಸಿಟ್ಟೂ ನಿಜವಾದದ್ದೇ. ಗುತ್ತಿಗೆ ಕೆಲಸ ಹೋದ ಮೇಲೂ ಗೇಟ್ ಪಾಸನ್ನು ಅಂಗಿ ಜೇಬಲ್ಲಿ ಇಟ್ಟುಕೊಂಡೇ ಓಡಾಡುವ ನಿಮ್ಮ ಚಿಕ್ಕಪ್ಪನ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಆದರೂ ಲೇಖನ ವಾಪಸ್ ಕಳಿಸುತ್ತಿದ್ದೇನೆ. ಯಾಕೆ ಅಂತ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಎರಡನೇ ಪ್ಯಾರಾ ನೋಡಿ. ‘ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆಯನ್ನು ದಶಕಗಳ ಕಾಲ ನಿರ್ಲಕ್ಷಿಸಲಾಯಿತು. ಬಂಡವಾಳ ಹಿಂತೆಗೆತಕ್ಕೆ ನಿರ್ಧರಿಸಲಾಯಿತು. ಕೊನೆಗೆ ಮುಚ್ಚಲು ತೀರ್ಮಾನಿಸಲಾಯಿತು.’ ಮೂರು ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಮಳೆ ಬಂತು, ಹೊಳೆ ತುಂಬಿತು ಅನ್ನೋ ಹಾಗೆ ಕಾರ್ಖಾನೆಯೂ ತಾನಾಗಿ ಮುಚ್ಚಿಕೊಂಡಿತಾ?

ಮೊದಲನೇ ವಾಕ್ಯ. ಮೈಸೂರು ಸಂಸ್ಥಾನ ಕಟ್ಟಿದ ಈ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲು ಶುರುವಾಯಿತು. 1989ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಕಂಪನಿಯಾದ ಸೈಲ್ ಕೈಗೆ ಹೋಯಿತು. 1998ರಲ್ಲಿ ಸೈಲ್ ಒಳಗೇ ವಿಲೀನವಾಯಿತು. ಹಾಗಾದರೆ ನಿಮ್ಮ ‘ದಶಕಗಳು’ ಯಾವುವು? 1989ಕ್ಕೆ ಮುಂಚಿನದಾದರೆ ಬೈಗುಳ ಬೆಂಗಳೂರಿಗೂ ಸಲ್ಲಬೇಕು. ಆಮೇಲಿನದಾದರೆ ದೆಹಲಿಗೆ. ಈಗಿರುವ ವಾಕ್ಯ ಇಬ್ಬರನ್ನೂ ಪಾರು ಮಾಡುತ್ತದೆ.

ಎರಡನೇ ವಾಕ್ಯ. ಬಂಡವಾಳ ಹಿಂತೆಗೆತ, ಅಂದರೆ ಕಾರ್ಖಾನೆ ಮಾರುವ ನಿರ್ಧಾರ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯದ್ದು, 2016ರ ಅಕ್ಟೋಬರಿನದ್ದು. 2019ರಲ್ಲಿ ಕೊಳ್ಳುವವರನ್ನು ಕರೆದರು. ಯಾರಿಗೂ ಅಷ್ಟು ಆಸಕ್ತಿ ಇಲ್ಲವೆಂದು 2022ರ ಅಕ್ಟೋಬರ್‌ನಲ್ಲಿ ಕೈಬಿಟ್ಟರು. ಆರು ವರ್ಷ ‘ಮಾರಾಟಕ್ಕಿದೆ’ ಅಂತ ನಿಲ್ಲಿಸಿದ ಕಾರ್ಖಾನೆಗೆ ಹೊಸ ಯಂತ್ರ ಯಾರು ತಂದು ಹಾಕುತ್ತಾರೆ ಹೇಳಿ? ನಷ್ಟದ ಬಗ್ಗೆ ಮುಂದೆ ಒಂದಿಡೀ ಪುಟ ಬರೆದಿದ್ದೀರಿ, ಇದನ್ನು ಮಾತ್ರ ಕೇಳಿಲ್ಲ.

ಮೂರನೇ ವಾಕ್ಯ. ಮುಚ್ಚುತ್ತೇವೆ ಅಂದದ್ದು ಸೈಲ್, 2023ರ ಜನವರಿಯಲ್ಲಿ. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಉಕ್ಕಿನ ಸರಳು ತಯಾರಿಸುವ ಬಾರ್ ಮಿಲ್ ಮತ್ತೆ ಓಡಿತು. ಇಷ್ಟು ಬರೆದರೆ ಓದುವವನಿಗೆ ಯಾರ ಜೊತೆ ಜಗಳ ಅಂತ ಗೊತ್ತಾಗುತ್ತದೆ.

ನನಗೆ ಈ ಗೀಳು ಹತ್ತಿದ್ದು ಒಂದು ಜಿಲ್ಲಾ ಪತ್ರಿಕೆಯಲ್ಲಿ ಟ್ರೇನಿಯಾಗಿದ್ದಾಗ. ಡೆಸ್ಕಿನ ಹಿರಿಯರು ಸಂಜೆ ಸರ್ಕಾರಿ ಪ್ರಕಟಣೆಗಳ ಕಟ್ಟು ನಮ್ಮ ಮುಂದೆ ಹಾಕುತ್ತಿದ್ದರು. ಪ್ರತಿ ವಾಕ್ಯದ ಪಕ್ಕ ಅದನ್ನು ಮಾಡಿದವರು ಯಾರು ಅಂತ ಪೆನ್ಸಿಲಿನಲ್ಲಿ ಬರೆಯಬೇಕು. ಗೊತ್ತಾಗದಿದ್ದರೆ ಫೋನ್ ಮಾಡಬೇಕು. ಒಂದು ಸಲ ಒಂದು ಸಕ್ಕರೆ ಕಾರ್ಖಾನೆಯ ಪ್ರಕಟಣೆ ಬಂತು: ‘ರೈತರ ಕಬ್ಬಿನ ಬಾಕಿಯನ್ನು ಶೀಘ್ರ ಪಾವತಿಸಲಾಗುವುದು.’ ಕಾರ್ಖಾನೆಗೆ ಫೋನ್ ಮಾಡಿದೆ. ಬ್ಯಾಂಕು ಸಾಲ ಬಿಡುಗಡೆ ಮಾಡಬೇಕು ಅಂತ ಕಾರ್ಖಾನೆಯವರು ಅಂದರು. ಬ್ಯಾಂಕಿನವರು ಸರ್ಕಾರದ ಗ್ಯಾರಂಟಿ ಪತ್ರ ಬರಲಿ ಅಂದರು. ಸರ್ಕಾರಿ ಕಚೇರಿಯವರು ಕಡತ ಮೇಲಕ್ಕೆ ಹೋಗಿದೆ ಅಂದರು. ಹಿರಿಯರು ಪ್ರಕಟಣೆ ಪಕ್ಕಕ್ಕಿಟ್ಟು, ಆ ಮೂರು ಉತ್ತರಗಳನ್ನೇ ಸುದ್ದಿ ಮಾಡಿ ಮೊದಲ ಪುಟಕ್ಕೆ ಹಾಕಿದರು. ಚಾ ಕುಡಿಸಲಿಲ್ಲ, ಶಹಬ್ಬಾಸ್ ಅನ್ನಲಿಲ್ಲ. ಮಾರನೇ ದಿನ ಮತ್ತೊಂದು ಕಟ್ಟು ತಂದು ಹಾಕಿದರು, ಅಷ್ಟೆ.

ಈಗ ನಿಮ್ಮ ಐದನೇ ಪ್ಯಾರಾಕ್ಕೆ ಬನ್ನಿ. ‘ನಮ್ಮವರೇ ಉಕ್ಕು ಮಂತ್ರಿಯಾಗಿದ್ದರೂ ರಾಜಕೀಯ ಕಾರಣಗಳಿಗಾಗಿ ಆಂಧ್ರಕ್ಕೆ 11,440 ಕೋಟಿ ಸುರಿಯಲಾಯಿತು.’ ಯಾವ ರಾಜಕೀಯ ಕಾರಣ? ಹೇಳಲು ಹೆದರಿಕೆಯಾ? 2024ರ ಚುನಾವಣೆಯಲ್ಲಿ ಬಿಜೆಪಿಗೆ 240 ಸೀಟು ಬಂತು, ಬಹುಮತಕ್ಕೆ 272 ಬೇಕು. ಚಂದ್ರಬಾಬು ನಾಯ್ಡು ಅವರ ಪಕ್ಷದ 16 ಸಂಸದರು ಸರ್ಕಾರದ ಬೆನ್ನಿಗಿದ್ದಾರೆ. ನೀವು ಹೇಳುವ ಉಕ್ಕು ಮಂತ್ರಿ ಕುಮಾರಸ್ವಾಮಿಯವರ ಪಕ್ಷದವರು ಇಬ್ಬರು. ಇದೇ ಕಾರಣ ಅಂತ ನಿಮಗನ್ನಿಸಿದರೆ ಹಾಗೇ ಬರೆಯಿರಿ, ನಿಮ್ಮ ಅಭಿಪ್ರಾಯ ಅಂತ ಹೇಳಿ ಬರೆಯಿರಿ. ಅದಕ್ಕಿಂತ ದೊಡ್ಡ ಕಥೆಯನ್ನು ನೀವು ಮುಟ್ಟಿಯೇ ಇಲ್ಲ. 2021ರ ಜನವರಿಯಲ್ಲಿ ವಿಶಾಖಪಟ್ಟಣದ ಕಾರ್ಖಾನೆಯನ್ನು ಪೂರ್ತಿ ಮಾರಲು ಒಪ್ಪಿದ್ದು ಇದೇ ಸಂಪುಟ ಸಮಿತಿ. 2025ರ ಜನವರಿಯಲ್ಲಿ ಅದನ್ನು ಉಳಿಸಲು ಹಣ ಕೊಟ್ಟಿದ್ದೂ ಅದೇ. ನಡುವೆ ಅಲ್ಲಿನ ಕಾರ್ಮಿಕರು ವರ್ಷಗಟ್ಟಲೆ ಬೀದಿಯಲ್ಲಿದ್ದರು. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಅನ್ನುವ ಹಳೇ ಘೋಷಣೆ ಮತ್ತೆ ಗೋಡೆಗೆ ಬಂತು. ಭದ್ರಾವತಿಗಾಗಿ ಇಡೀ ಕರ್ನಾಟಕ ಹಾಗೆ ನಿಂತಿತ್ತಾ?

ಇನ್ನು ಆ ‘ಸುರಿಯಲಾಯಿತು’. 10,300 ಕೋಟಿ ಬಂದದ್ದು ಷೇರು ಬಂಡವಾಳವಾಗಿ. ಉಳಿದ 1,140 ಕೋಟಿ ದಿನನಿತ್ಯದ ಖರ್ಚಿಗೆ ಮುಂಚೆಯೇ ಕೊಟ್ಟಿದ್ದ ದುಡಿಯುವ ಬಂಡವಾಳದ ಸಾಲ, ಅದನ್ನು ಆದ್ಯತಾ ಷೇರಾಗಿ ಬದಲಿಸಿದರು. ಅಂದರೆ ಆ ಭಾಗ ಹೊಸ ದುಡ್ಡೇ ಅಲ್ಲ. ಮತ್ತೆ ವಿಶಾಖಪಟ್ಟಣದ್ದು ಪ್ರತ್ಯೇಕ ಕಂಪನಿ, ಭದ್ರಾವತಿಯದ್ದು ಸೈಲ್‌ನ ಒಂದು ಘಟಕ. ಅಲ್ಲಿ ಸರ್ಕಾರ ನೇರವಾಗಿ ಹಣ ಹಾಕಬಹುದು, ಇಲ್ಲಿಗೆ ಹಣ ಬರಬೇಕಾದರೆ ಸೈಲ್ ಮೂಲಕವೇ ಬರಬೇಕು. ‘ಅವರಿಗೆ ಕೊಟ್ಟರು, ನಮಗಿಲ್ಲ’ ಅಂತ ಬರೆಯುವ ಮುಂಚೆ ಯಾರ ಬಾಗಿಲು ತಟ್ಟಬೇಕು ಅಂತ ಓದುಗರಿಗೆ ತಿಳಿಸಬೇಕಲ್ವಾ?

ಒಂದು ಸಾಲು ನನ್ನನ್ನು ಜಾಸ್ತಿ ಕೆಣಕಿತು. ‘ಖಾಸಗಿ ಕಂಪನಿಗಳಿಗೆ ಇಂಥ ಆಸರೆ ನೀಡಲಾಗುವುದಿಲ್ಲ.’ ಸುಮ್ನೆ ಬರೆದುಬಿಟ್ಟಿದ್ದೀರಿ. ಖಾಸಗಿ ಮೊಬೈಲ್ ಕಂಪನಿ ವೊಡಾಫೋನ್ ಐಡಿಯಾ ಸರ್ಕಾರಕ್ಕೆ ಕೊಡಬೇಕಿದ್ದ ಬಾಕಿಯಲ್ಲಿ 16,133 ಕೋಟಿಯನ್ನು 2023ರಲ್ಲಿ ಷೇರಾಗಿ ಬದಲಿಸಿದರು. 2025ರಲ್ಲಿ ಇನ್ನೂ 36,950 ಕೋಟಿ. ಸರ್ಕಾರದ ಪಾಲು ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಮೂರು ಖಾಸಗಿ ಮೊಬೈಲ್ ಕಂಪನಿ ಉಳಿಯದಿದ್ದರೆ ಗ್ರಾಹಕರಿಗೇ ಕಷ್ಟ ಅನ್ನುವ ವಾದ ಇದೆ, ಅದು ಹುಸಿ ವಾದವೂ ಅಲ್ಲ. ಆದರೆ ಆ ವಾದ ಟೆಲಿಕಾಂಗೆ ನಡೆಯುತ್ತದೆ, ಭದ್ರಾವತಿಗೆ ಯಾಕೆ ನಡೆಯುವುದಿಲ್ಲ? ನಿಮ್ಮ ಲೇಖನದ ಶಕ್ತಿ ಇರಬೇಕಾಗಿದ್ದದ್ದು ಇಲ್ಲಿ.

ಉಳಿದದ್ದರ ತಂಟೆಗೆ ಹೋಗುವುದಿಲ್ಲ. ದೆಹಲಿಗೆ ಬೈಯಿರಿ, ಬೆಂಗಳೂರಿಗೆ ಬೈಯಿರಿ, ಮಂತ್ರಿಗಳನ್ನು ನೇರವಾಗಿ ಕೇಳಿ. ನಮ್ಮದೇನೂ ಅಭ್ಯಂತರವಿಲ್ಲ. ಸಾವಿರ ಪದದೊಳಗೆ ಮತ್ತೆ ಬರೆದು ಮುಂದಿನ ತಿಂಗಳ 10ರೊಳಗೆ ಕಳಿಸಿ, ಆ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.