ಡ್ರೋನ್ ಗುರಿ ತಪ್ಪಲ್ಲ ಅನ್ನೋ ವಾದ ಮೂಟ್ ಕೋರ್ಟಿನಲ್ಲಿ ನಿಲ್ಲುತ್ತಾ?

ನಿಲ್ಲಲ್ಲ. ನಿಲ್ಲಿಸಲು ಹೋಗಿ ಬಿದ್ದವನು ನಾನು. ನನಗೂ ನಿಮ್ಮ ಹಾಗೇ, ಲಾ ವಿದ್ಯಾರ್ಥಿಗಳ ಈ ಅಣಕು ಕೋರ್ಟ್ ಸ್ಪರ್ಧೆಯಲ್ಲಿ, ಬೇರೆ ದೇಶದ ನೆಲದಲ್ಲಿ ಶಂಕಿತ ಉಗ್ರನನ್ನು ಡ್ರೋನ್‌ನಿಂದ ಕೊಂದ ದೇಶದ ಪರ ವಾದಿಸುವ ಪಾಳಿ ಬಂದಿತ್ತು. "ಸೈನ್ಯ ನುಗ್ಗಿಸಿದ್ದರೆ ಇನ್ನೂ ಜಾಸ್ತಿ ಜನ ಸಾಯುತ್ತಿದ್ದರು" ಅಂತ ನೀವು ಪ್ರಶ್ನೆಯಲ್ಲಿ ಬರೆದಿರುವ ಸಾಲು ನನ್ನ ಮೆಮೋರಿಯಲ್‌ನಲ್ಲೂ (ಲಿಖಿತ ವಾದದಲ್ಲಿ) ಇತ್ತು.

ಆಗ ನಾನು ಐದನೇ ವರ್ಷದ ಲಾ. ಪ್ರಾಬ್ಲಂ, ಅಂದರೆ ವಾದಿಸಬೇಕಾದ ಕಾಲ್ಪನಿಕ ಕೇಸು, ಕೈಗೆ ಬಂದ ರಾತ್ರಿಯೇ ಅಂಕಿಅಂಶ ಹುಡುಕಲು ಕೂತೆ. ಸಿಕ್ಕಿತು ಕೂಡ. 2016ರ ಜುಲೈನಲ್ಲಿ ಅಮೆರಿಕದ ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಕಚೇರಿ ಒಂದು ಲೆಕ್ಕ ಹೊರಗೆ ಬಿಟ್ಟಿತ್ತು. 2009ರಿಂದ 2015ರವರೆಗೆ, ನೇರ ಯುದ್ಧ ನಡೆಯುತ್ತಿದ್ದ ಪ್ರದೇಶಗಳನ್ನು ಬಿಟ್ಟು ಉಳಿದ ಕಡೆ 473 ದಾಳಿ. ಸತ್ತ ಉಗ್ರರು 2,372ರಿಂದ 2,581. ಸತ್ತ ಸಾಮಾನ್ಯ ಜನ 64ರಿಂದ 116. ಕ್ಯಾಲ್ಕ್ಯುಲೇಟರ್ ಒತ್ತಿದೆ. ನೂರಕ್ಕೆ ಐದೂ ಇಲ್ಲ! ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿ, ಇಡೀ ವಾದ ಅದರ ಮೇಲೆ ಕಟ್ಟಿದೆ. ಟೀಮಿನ ರೀಸರ್ಚರ್, ನಮ್ಮ ಜೂನಿಯರ್ ಹುಡುಗಿ, "ಅಣ್ಣಾ, ಆ ರಿಪೋರ್ಟ್ ಪೂರ್ತಿ ಓದಿದ್ರಾ?" ಅಂತ ಕೇಳಿದಳು. ಸಣ್ಣ ರಿಪೋರ್ಟು, ಓದೋದೇನಿದೆ ಅಂದೆ.

ಇದೇ ನನ್ನನ್ನು ಮುಳುಗಿಸಿದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ನೋಡಿದ್ದು ಆ ಅಂಕಿಗಳಿದ್ದ ಟೇಬಲ್ ಮಾತ್ರ. ಹೊರಗಿನ ಸಂಸ್ಥೆಗಳ ಪ್ರಕಾರ ಸತ್ತ ಸಾಮಾನ್ಯ ಜನ 200ರಿಂದ 900ಕ್ಕೂ ಸ್ವಲ್ಪ ಜಾಸ್ತಿ ಅಂತ ಅದೇ ರಿಪೋರ್ಟೇ ಒಪ್ಪಿಕೊಂಡಿದೆ. ಯಾವ ದೇಶದಲ್ಲಿ ಎಷ್ಟು, ಯಾವ ದಾಳಿಯಲ್ಲಿ ಯಾರು ಅನ್ನೋ ವಿವರ ಒಂದೂ ಇಲ್ಲ. ಹಾಗಾಗಿ ಯಾರೂ ತಾಳೆ ನೋಡುವ ಹಾಗೂ ಇಲ್ಲ. ಸೆಮಿಫೈನಲ್ಲಿನಲ್ಲಿ ಜಡ್ಜ್ ಆಗಿದ್ದ ಮೇಡಂ ಒಬ್ಬರು ಆ ರಿಪೋರ್ಟಿನ ಪ್ರಿಂಟ್ ಮುಂದಿಟ್ಟುಕೊಂಡೇ ಕೂತಿದ್ದರು. "ಕೌನ್ಸೆಲ್, ಸತ್ತವನು ಉಗ್ರ ಅಂತ ಬರೆದುಕೊಂಡದ್ದು ಯಾರು?"

"ಸರ್ಕಾರ, ಯುವರ್ ಎಕ್ಸಲೆನ್ಸಿ."

"ಯಾವ ಸರ್ಕಾರ? ಕ್ಷಿಪಣಿ ಬಿಟ್ಟದ್ದೇ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಬಿಡಲಿಲ್ಲ. ದಾಳಿಯ ಜಾಗದಲ್ಲಿದ್ದ ಯುದ್ಧದ ವಯಸ್ಸಿನ ಗಂಡಸರನ್ನೆಲ್ಲ ಉಗ್ರರೆಂದೇ ಎಣಿಸುತ್ತಾರೆ, ಸತ್ತ ಮೇಲೆ ನಿರಪರಾಧಿ ಅಂತ ಖಚಿತ ಮಾಹಿತಿ ಸಿಕ್ಕರೆ ಮಾತ್ರ ಪಟ್ಟಿಯಿಂದ ತೆಗೆಯುತ್ತಾರೆ ಅಂತ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತಲ್ಲ, ಅದಕ್ಕೇನು ಹೇಳುತ್ತೀರಿ ಅಂದರು. ನಾನು ತಡವರಿಸಿದೆ. ತಮಾಷೆ ನೋಡಿ, "ನಾವು ಹಾಗೆ ಎಣಿಸುವುದಿಲ್ಲ" ಅನ್ನೋ ಉತ್ತರವೂ ಅದೇ ರಿಪೋರ್ಟಿನಲ್ಲಿತ್ತು. ನನ್ನ ಕಕ್ಷಿದಾರನ ಪರ ಇದ್ದ ಸಾಲನ್ನೂ ನಾನು ಓದಿರಲಿಲ್ಲ! ಸೋತೆವು. ಆ ಜೂನಿಯರ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೇ ವಾಸಿಯಿತ್ತು.

ಅದಕ್ಕೇ ಹೇಳುವುದು, "ಗುರಿ ತಪ್ಪಲ್ಲ" ಅನ್ನೋದನ್ನೇ ಕೈಬಿಡಿ. ಕ್ಷಿಪಣಿ ಸಾಮಾನ್ಯವಾಗಿ ಗುರಿ ತಪ್ಪಲ್ಲ, ನಿಜ. ತಪ್ಪುವುದು ಅದಕ್ಕಿಂತ ಮೊದಲೇ, ಈ ಮನುಷ್ಯ ಯಾರು ಅಂತ ತೀರ್ಮಾನ ಮಾಡುವಾಗ. 2021ರ ಆಗಸ್ಟ್ 29, ಕಾಬೂಲ್. ಒಂದು ಬಿಳಿ ಟೊಯೊಟಾ ಕೊರೊಲಾದ ಹಿಂದೆ ಅಮೆರಿಕದ ಡ್ರೋನ್ ಸುಮಾರು ಎಂಟು ಗಂಟೆ ಬಿದ್ದಿತ್ತು. ಕಾರಿಗೆ ಏನೋ ತುಂಬುತ್ತಿದ್ದಾರೆ, ಸ್ಫೋಟಕವೇ ಇರಬೇಕು ಅಂದುಕೊಂಡರು. ತುಂಬಿದ್ದು ನೀರಿನ ಕ್ಯಾನ್. ಕಾರು ಓಡಿಸುತ್ತಿದ್ದಾತ ಅಮೆರಿಕದ್ದೇ ಒಂದು ನೆರವು ಸಂಸ್ಥೆಯಲ್ಲಿ ಕೆಲಸಕ್ಕಿದ್ದವನು. ಹೆಲ್‌ಫೈರ್ ಕ್ಷಿಪಣಿ ಕರಾರುವಾಕ್ಕಾಗಿ ಕಾರಿಗೇ ಬಡಿಯಿತು. 10 ಜನ ಸತ್ತರು, ಅದರಲ್ಲಿ 7 ಮಕ್ಕಳು. ಮೊದಲು ದಾಳಿಯನ್ನು ಸಮರ್ಥಿಸಿಕೊಂಡಿದ್ದ ಪೆಂಟಗನ್ (ಅಮೆರಿಕದ ರಕ್ಷಣಾ ಇಲಾಖೆ), ಸೆಪ್ಟೆಂಬರ್ 17ಕ್ಕೆ ತಪ್ಪಾಯಿತು ಅಂದಿತು. ಅದೂ ಪತ್ರಕರ್ತರು ಬೆನ್ನು ಬಿದ್ದ ಮೇಲೆ. ಕಾಬೂಲ್ ಆಗಿದ್ದಕ್ಕೆ ಪತ್ರಕರ್ತರು ಹೋಗಿ ನೋಡಿದರು, ಪಾಕಿಸ್ತಾನದ ಗಡಿಯ ವಜೀರಿಸ್ತಾನದ ಹಳ್ಳಿಗೆ ಯಾರು ಹೋಗುತ್ತಾರೆ? 2012ರ ಅಕ್ಟೋಬರಿನಲ್ಲಿ ಉತ್ತರ ವಜೀರಿಸ್ತಾನದಲ್ಲಿ ಹೊಲದಲ್ಲಿ ಬೆಂಡೆಕಾಯಿ ಕೀಳುತ್ತಿದ್ದ ಅಜ್ಜಿಯೊಬ್ಬರು ಮೊಮ್ಮಕ್ಕಳ ಕಣ್ಣೆದುರೇ ಡ್ರೋನ್ ದಾಳಿಗೆ ಸತ್ತರು. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಅದನ್ನು ದಾಖಲಿಸಿತು. ಅಲ್ಲೇ ದತ್ತಾ ಖೇಲ್‌ನಲ್ಲಿ 2011ರ ಮಾರ್ಚ್ 17ರಂದು ಕ್ರೋಮೈಟ್ ಗಣಿಯ ಜಗಳ ಬಗೆಹರಿಸಲು ಸೇರಿದ್ದ ಪಂಚಾಯಿತಿಯ ಮೇಲೆ ಕ್ಷಿಪಣಿ ಬಿತ್ತು, ಹತ್ತಿರ ಹತ್ತಿರ 40 ಜನ ಸತ್ತರು. ಗಂಡಸರು ಗುಂಪಾಗಿ ಕೂತಿದ್ದರೆ ಮೇಲಿಂದ ನೋಡುವವನಿಗೆ ಪಂಚಾಯಿತಿ ಯಾವುದು, ಉಗ್ರರ ಸಭೆ ಯಾವುದು?

"ಅಲ್ ಖೈದಾ ಮುಖ್ಯಸ್ಥ ಜವಾಹಿರಿ?" ಅಂತ ನೀವು ಕೇಳುತ್ತೀರಿ, ನಾನೂ ಕೇಳುತ್ತಿದ್ದೆ. 2022ರಲ್ಲಿ ಕಾಬೂಲಿನ ಬಾಲ್ಕನಿಯಲ್ಲಿ ನಿಂತಿದ್ದಾಗ ಹೊಡೆದರು, ಬೇರೆ ಯಾರೂ ಸಾಯಲಿಲ್ಲ ಅಂತ ಅಮೆರಿಕ ಹೇಳಿತು. ಸರಿ, ಅಲ್ಲಿ ಹೆಸರು, ಮುಖ ಎಲ್ಲ ಗೊತ್ತಿತ್ತು. ಹೆಸರೇ ಗೊತ್ತಿಲ್ಲದೆ ಬರೀ ಚಲನವಲನ ನೋಡಿ ಹೊಡೆದ ದಾಳಿಗಳನ್ನು ಅದರ ನೆರಳಲ್ಲಿ ಬಚ್ಚಿಡಲು ಆಗಲ್ಲ.

ಇನ್ನು ವಿಶ್ವಸಂಸ್ಥೆಯ ಚಾರ್ಟರಿನ ಆರ್ಟಿಕಲ್ 51, ಅಂದರೆ ಆತ್ಮರಕ್ಷಣೆ. ಅದನ್ನೂ ಮುಂದೆ ಇಡಬೇಡಿ. ದಾಳಿ ಇನ್ನೇನು ಆಗಲಿತ್ತು ಅಂತ ತೋರಿಸಿ ಅಂದರೆ ಬೆವರು ಇಳಿಯುತ್ತದೆ. ನನ್ನ ಪ್ರಕಾರ ನಿಮಗಿರುವ ಗಟ್ಟಿ ದಾರಿ ಒಂದೇ: ಆ ನೆಲದ ಸರ್ಕಾರದ ಒಪ್ಪಿಗೆ. ಯೆಮೆನ್ ಅಧ್ಯಕ್ಷ ಹಾದಿ 2012ರಲ್ಲಿ ವಾಷಿಂಗ್ಟನ್ನಿನಲ್ಲೇ ನಿಂತು, ದಾಳಿಗಳಿಗೆ ನನ್ನ ಅನುಮತಿ ಇದೆ ಅಂದರು. ಇಂಥದ್ದು ನಿಮ್ಮ ಪ್ರಾಬ್ಲಂನಲ್ಲಿದ್ದರೆ ಬಚಾವ್. ಪಾಕಿಸ್ತಾನದ ಕಥೆ ಬೇರೆ. ಹೊರಗೆ ಪ್ರತಿಭಟನೆ, ಒಳಗೆ 2011ರ ಕೊನೆಯವರೆಗೂ ಶಂಸಿ ವಾಯುನೆಲೆ ಅಮೆರಿಕನ್ನರ ಕೈಯಲ್ಲಿ. 2013ರಲ್ಲಿ ಪೇಶಾವರ ಹೈಕೋರ್ಟ್ ದಾಳಿಗಳೆಲ್ಲ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಎದುರು ಪಕ್ಷದವರು ಅದನ್ನು ತಂದೇ ತರುತ್ತಾರೆ, ಮೊದಲೇ ಓದಿಕೊಳ್ಳಿ. ಒಪ್ಪಿಗೆ ಇದ್ದರೂ ಸತ್ತವನು ಯಾರು ಅನ್ನೋ ಪ್ರಶ್ನೆಗೆ ಅದು ಉತ್ತರ ಅಲ್ಲ, ಅದನ್ನೂ ನೆನಪಿಡಿ.

ನಿಮ್ಮ ಪ್ರಾಬ್ಲಂನಲ್ಲಿ ಒಪ್ಪಿಗೆ ಲಿಖಿತವಾಗಿದೆಯಾ, ಬಾಯಿಮಾತಾ ಅಂತ ಕೆಳಗೆ ಹಾಕಿ. ಬಾಯಿಮಾತಾಗಿದ್ದರೆ, ಕೊಟ್ಟದ್ದು ಮಂತ್ರಿಯಾ, ಸೈನ್ಯದವರಾ ಅನ್ನೋದೂ ಬೇಕು.